ಓದುಗರ ಪ್ರಶ್ನೆ: ಕಪಾಟಿನಲ್ಲೇ ಸತ್ತ ಟಾರ್ಚು

ಪ್ರಶ್ನೆ: ಹೋದ ಮಳೆಗಾಲದಲ್ಲಿ ಒಂದು ಎಲ್‌ಇಡಿ ಟಾರ್ಚು ಕೊಂಡೆ. ಹಿಂದಿನ ಎರಡು ಪಿನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡುವಂಥದ್ದು. ಗಣಪತಿ ಹಬ್ಬ ಮುಗಿದ ಮೇಲೆ ಕಪಾಟಿಗೆ ಸೇರಿತು. ಈ ಜೂನ್‌ನಲ್ಲಿ ತೆಗೆದರೆ ಒಂದು ನಿಮಿಷ ಮಿಣುಕಿ ಆರಿಹೋಗುತ್ತದೆ. ಮಾವನವರ ಎರಡು ಸೆಲ್ಲಿನ ಸ್ಟೀಲ್ ಟಾರ್ಚೇ ವಾಸಿ ಅನ್ನಿಸುತ್ತದೆ. ಎಲ್‌ಇಡಿ ಅಂದರೆ ಸುಮ್ನೆ ಥಳುಕಾ?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಪಾಪ, ಎಲ್‌ಇಡಿಯನ್ನು ಬೈಯಬೇಡಿ. ಅದು ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಸತ್ತಿರುವುದು ಬ್ಯಾಟರಿ. ಇಂಥ ಟಾರ್ಚಿನೊಳಗೆ ಸಾಮಾನ್ಯವಾಗಿ 4 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ, ಅಂದರೆ ಸ್ಕೂಟರ್ ಬ್ಯಾಟರಿಯ ಪುಟ್ಟ ತಮ್ಮ. ಖಾಲಿ ಬಿಟ್ಟರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ನೀವು ಒಂಬತ್ತು ತಿಂಗಳು ಉಪವಾಸ ಕೆಡವಿದ್ದೀರಿ, ಅಲ್ವಾ? ಎರಡು ತಿಂಗಳಿಗೊಮ್ಮೆ ಪ್ಲಗ್ಗಿಗೆ ಹಾಕಿದ್ದರೆ ಸಾಕಿತ್ತು.

ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಅದೇ ಅಳತೆಯ ಬ್ಯಾಟರಿ ಕೇಳಿ ನೋಡಿ. ಎರಡೇ ವೈರು, ಕೆಂಪು ಪ್ಲಸ್ಸಿಗೆ. ಬಿಚ್ಚುವಾಗ ಮಾತ್ರ ಪ್ಲಗ್ಗಿನಲ್ಲಿ ಇರಕೂಡದು. ಅಗ್ಗದ ಟಾರ್ಚುಗಳು ಚಾರ್ಜ್ ಆಗುವಾಗ ಒಳಗೆಲ್ಲ ಮನೆಯ ಕರೆಂಟೇ ಓಡಾಡುತ್ತಿರುತ್ತದೆ.

ಇನ್ನು ಮಾವನವರ ಟಾರ್ಚು. ಅದು ಕೈಜಾರಿದರೆ ಬಲ್ಬಿನ ತಂತಿ ಕಡಿಯುತ್ತಿತ್ತು. ಎಲ್‌ಇಡಿಯಲ್ಲಿ ಹಾಗೆ ಕಾದು ಉರಿಯುವ ತಂತಿ ಇಲ್ಲ. ಡೊಂಬಿವಲಿಯ ನಮ್ಮ ಮೆಟ್ಟಿಲಿನಿಂದ ನನ್ನದು ಎರಡು ಸಲ ಉರುಳಿದೆ. ಗಾಜು ಸೀಳಿತು, ದೀಪ ಆರಲಿಲ್ಲ.

ಆದರೆ ಹಳೇ ಬಲ್ಬಿನ ಆ ಹಳದಿ ಬೆಳಕಿಗೆ ಒಂದು ಗುಣ ಇತ್ತು. ಕೆಂಪು ಕೆಂಪಾಗಿಯೇ ಕಾಣುತ್ತಿತ್ತು. ಹೋದ ವರ್ಷ ರಾತ್ರಿ ಕರೆಂಟ್ ಹೋಗಿ ಕೆಳಗೆ ಮೀಟರ್ ರೂಮಿಗೆ ಇಳಿದೆ. ಎಲ್‌ಇಡಿ ಟಾರ್ಚು ಹಾಕಿದರೆ ಕೆಂಪು ಫೇಸ್ ವೈರು ಕೊಳೆತ ಬಾಳೆಸಿಪ್ಪೆಯ ಬಣ್ಣ! ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು. ಅದರ ಮೇಲೆ ಹಳದಿ ಪುಡಿಯ ಲೇಪ. ಎರಡೂ ಬೆರೆತು ಕಣ್ಣಿಗೆ ಬಿಳಿ. ಅಗ್ಗದ್ದರಲ್ಲಿ ಕೆಂಪಿನ ಪಾಲು ಕಡಿಮೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕ ಇದೆ. ಮುಂದಿನ ಸಲ ಸಿಆರ್‌ಐ 90 ಅಥವಾ ಹೆಚ್ಚು ಎಂದು ಬರೆದದ್ದು ಸಿಕ್ಕರೆ ತಗೊಳ್ಳಿ. ಬಣ್ಣ ಬಣ್ಣವಾಗಿಯೇ ಕಾಣುತ್ತದೆ.

ಪ್ರಶ್ನೆ: ಮಗ ಮಳೆಯಲ್ಲಿ ಲೋಹಗಡ ಕೋಟೆ ಹತ್ತುತ್ತಾನೆ. 9900 ಎಂಎಎಚ್ ಸೆಲ್ಲಿನ ಟಾರ್ಚು ಅಗ್ಗಕ್ಕೆ ಸಿಗುತ್ತಿದೆ. ಕೊಡಿಸಲಾ?
– ಓದುಗರೊಬ್ಬರು, ಠಾಣೆ

ಉತ್ತರ: ಬೇಡ. ಸೆಲ್ಲಿನ ಮೇಲೆ 18650 ಎಂದಿರುತ್ತದೆ ನೋಡಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ ಎಂದರ್ಥ. ಎಂಎಎಚ್ ಅಂದರೆ ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ. ಆ ಗಾತ್ರದಲ್ಲಿ ಒಳ್ಳೆಯ ಸೆಲ್ಲೇ ಸಾಮಾನ್ಯವಾಗಿ 3500 ಎಂಎಎಚ್ ಆಸುಪಾಸು. ಅಂಥ 9900ರ ಒಂದು ಸೆಲ್ಲನ್ನು ನಮ್ಮ ಗಲ್ಲಿಯ ಚಿನ್ನದಂಗಡಿಯ ತಕ್ಕಡಿಗೆ ಇಡಿಸಿದ್ದೆ. 31 ಗ್ರಾಂ ಬಂತು. ಅಸಲಿ ಸೆಲ್ಲು 45 ಗ್ರಾಮಿನ ಹತ್ತಿರ ತೂಗುತ್ತದೆ. "ಚಿನ್ನ ಆಗಿದ್ರೆ ಪೊಲೀಸ್ ಕೇಸು" ಎಂದರು ಅಂಗಡಿಯವರು.

ಮಗನಿಗೆ ಇನ್ನೊಂದು ಮಾತು ಹೇಳಿ. ಮಂಜಿನಲ್ಲಿ ಹಣೆಗೆ ಕಟ್ಟುವ ದೀಪ ಬೇಡ. ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಬಿಳಿ ಪರದೆ ಕಟ್ಟಿದ ಹಾಗೆ. ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿದು, ಬೆಳಕು ಕಡಿಮೆ ಇಟ್ಟು, ನೆಲ ನೋಡಿಕೊಂಡು ನಡೆಯಲಿ. ಟಾರ್ಚಿನ ಮೇಲೆ ನೀರು ತಡೆಯುವ ಗುರುತೂ ಇರುತ್ತದೆ. ಐಪಿಎಕ್ಸ್4 ಎಂದರೆ ನೀರು ಎರಚಿದರೆ ತಡೆಯುತ್ತದೆ, ಅಷ್ಟೇ. ಐಪಿಎಕ್ಸ್7 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಸಹ್ಯಾದ್ರಿಯ ಮಳೆಗೆ ಎರಡನೆಯದೇ ಸರಿ.

ಪ್ರಶ್ನೆ: ಫೋನಿನ ಹೊಸ ಚಾರ್ಜರ್‌ಗೆ ಹಾಕಿದರೆ ಟಾರ್ಚು ಚಾರ್ಜ್ ಆಗುವುದೇ ಇಲ್ಲ. ಕೆಟ್ಟಿದೆಯಾ?
– ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಕೆಟ್ಟಿರಲಾರದು. ಕೇಬಲ್ಲಿನ ಎರಡೂ ತುದಿ ಟೈಪ್-ಸಿ ಆಗಿದ್ದರೆ, ಟಾರ್ಚಿನೊಳಗೆ 5.1 ಕಿಲೋ ಓಮ್‌ನ ಪುಟ್ಟ ರೆಸಿಸ್ಟರ್‌ಗಳು (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಕಂಡರೆ ಮಾತ್ರ ಚಾರ್ಜರ್ ಕರೆಂಟ್ ಬಿಡುತ್ತದೆ. ನಾಲ್ಕು ಕಾಸು ಉಳಿಸಲು ಎಷ್ಟೋ ಟಾರ್ಚುಗಳಲ್ಲಿ ಅವನ್ನೇ ಹಾಕಿರುವುದಿಲ್ಲ. ಅಗಲ ತುದಿಯ ಹಳೇ ಯುಎಸ್‌ಬಿ ಕೇಬಲ್ಲು, ಅದರ ಚಾರ್ಜರ್ ಹುಡುಕಿ. ಯಾವುದಾದರೂ ಡ್ರಾಯರಿನಲ್ಲಿ ಗಂಟು ಹಾಕಿಕೊಂಡು ಬಿದ್ದಿರುತ್ತದೆ.