ಸ್ವಲ್ಪ ಓಡಿದ್ರೂ ಕೆಲವರಿಗೆ ಬೇಗ ಸುಸ್ತಾಗೋದ್ಯಾಕೆ? ಜೀವಕೋಶದೊಳಗೆ ಶಕ್ತಿ ತಯಾರಿಸೋ ಪುಟ್ಟ ಘಟಕಗಳಾದ ಮೈಟೋಕಾಂಡ್ರಿಯಾಗೂ ಇದಕ್ಕೂ ಏನು ಸಂಬಂಧ?

ಹಾರ್ಟು, ಶ್ವಾಸಕೋಶದ ಪಾತ್ರ ದೊಡ್ಡದೇ, ಆದ್ರೆ ಅರ್ಧ ಕಥೆ ಸ್ನಾಯುವಿನ ಒಳಗಿದೆ. ಸ್ನಾಯು ಕೆಲಸ ಮಾಡೋಕೆ ಎಟಿಪಿ (ಜೀವಕೋಶ ನೇರವಾಗಿ ಬಳಸೋ ಶಕ್ತಿಯ ಅಣು) ಬೇಕು, ರೆಡಿ ಇರೋ ಸ್ಟಾಕ್ ಕೆಲವೇ ಸೆಕೆಂಡಲ್ಲಿ ಮುಗಿಯುತ್ತೆ, ಹಾಗಾಗಿ ಓಡ್ತಾ ಓಡ್ತಾನೇ ತಯಾರಿಸ್ಕೋಬೇಕು. ಆಕ್ಸಿಜನ್ ಇಲ್ದೆ ಒಂದು ಗ್ಲೂಕೋಸ್ ಒಡೆದ್ರೆ ಸಿಗೋದು ಬರೀ 2 ಎಟಿಪಿ, ಅದನ್ನೇ ಮೈಟೋಕಾಂಡ್ರಿಯಾದಲ್ಲಿ ಪೂರ್ತಿ ಉರಿಸಿದ್ರೆ ಸುಮಾರು 30!

ಮೆಟ್ಟಿಲು ಹತ್ತೋವಾಗ ಗಮನಿಸಿ, ಮೊದಲ ಮಹಡಿ ಆರಾಮು, ಮೂರನೇದಕ್ಕೆ ತೊಡೆ ಉರಿಯೋಕೆ ಶುರು. ಮೈಟೋಕಾಂಡ್ರಿಯಾ ಜಾಸ್ತಿ ಇರೋರಿಗೆ ಈ ಉರಿ ತಡವಾಗಿ ಬರುತ್ತೆ, ಯಾಕಂದ್ರೆ ಅವರ ಸ್ನಾಯು ಕೊಬ್ಬನ್ನೂ ಚೆನ್ನಾಗಿ ಬಳಸುತ್ತೆ, ಗ್ಲೈಕೋಜನ್ (ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ) ಉಳಿಸುತ್ತೆ. ಅಂದಹಾಗೆ ಆಕ್ಸಿಜನ್ ಇಲ್ದೆ ಗ್ಲೂಕೋಸ್ ಒಡೆದಾಗ ಉಂಟಾಗೋ ಲ್ಯಾಕ್ಟೇಟ್ ಅಂದ್ರೆ ವಿಷ ಅಂತ ಬಹಳ ಜನ ನಂಬಿದಾರೆ, ದಯವಿಟ್ಟು ಅದನ್ನ ಬಿಡಿ, ಹಾರ್ಟ್ ಕೂಡ ಅದನ್ನ ಇಂಧನವಾಗಿ ಬಳಸುತ್ತೆ.

ಖುಷಿ ವಿಷಯ ಅಂದ್ರೆ ಇದು ಹುಟ್ಟಿನಿಂದ ಫಿಕ್ಸ್ ಆಗಿರೋದಲ್ಲ. 1967ರಲ್ಲಿ ಅಮೆರಿಕದ ವ್ಯಾಯಾಮ ವಿಜ್ಞಾನಿ ಜಾನ್ ಹೊಲೊಸ್ಜಿ ಇಲಿಗಳನ್ನ ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ ನೋಡಿದಾಗ ಅವುಗಳ ಸ್ನಾಯುವಿನ ಮೈಟೋಕಾಂಡ್ರಿಯಾ ಸಾಮರ್ಥ್ಯ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಮನುಷ್ಯರಲ್ಲೂ ವ್ಯಾಯಾಮದಿಂದ ಹೆಚ್ಚುತ್ತೆ, ನಿಲ್ಲಿಸಿದ್ರೆ ಕೆಲವೇ ವಾರಗಳಲ್ಲಿ ಇಳಿಯೋಕೆ ಶುರುವಾಗುತ್ತೆ.

ಆರೋಗ್ಯಕ್ಕೆ ಇನ್ನೂ ಮುಖ್ಯ ಇದು: ಇನ್ಸುಲಿನ್ ಬಂದಾಗ ರಕ್ತದ ಸಕ್ಕರೆಯ ದೊಡ್ಡ ಪಾಲು ತಗೊಳ್ಳೋದು ಸ್ನಾಯುಗಳೇ, ದಿನವಿಡೀ ಕೂತೇ ಇದ್ರೆ ಅವು ಇನ್ಸುಲಿನ್ ಮಾತು ಕೇಳೋದು ಕಮ್ಮಿಯಾಗುತ್ತೆ, ಟೈಪ್ 2 ಡಯಾಬಿಟಿಸ್‌ಗೆ ಅದೂ ಒಂದು ದಾರಿ. ಶುರು ಮಾಡೋರು ಮಾತಾಡೋಕಾಗೋಷ್ಟು ವೇಗದಲ್ಲಿ ಬಿರುಸಾಗಿ ನಡೀರಿ, ಒಂದಷ್ಟು ವಾರ ಆದ್ಮೇಲೆ ಮಧ್ಯೆ ಮಧ್ಯೆ ಜೋರಾಗಿ ಹೋಗಿ.