'ಅಭೇದ್ಯ' ಒಂಬತ್ತು ಸಲ, ಫೋಟಾನ್ ಒಂದೇ ಸಲ

ನಮಸ್ಕಾರ,

ಬೆಳಕಿನ ಕಣಗಳ ನೆರವಿನಿಂದ ಇಬ್ಬರು ಗುಟ್ಟಿನ ಕೀ, ಅಂದರೆ 0-1ಗಳ ಸಾಲು, ಮಾಡಿಕೊಳ್ಳುವ ಕ್ವಾಂಟಮ್ ಕೀ ಹಂಚಿಕೆಯ ಬಗ್ಗೆ ನೀವು ಕಳಿಸಿದ 'ಭೇದಿಸಲಾಗದ ಬೀಗ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ವಿಷಯ ನಿಮಗೆ ಚೆನ್ನಾಗಿ ಗೊತ್ತಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಓದುಗರಿಗೂ ಗೊತ್ತಾಗಲಿ ಎಂಬ ಆಸೆ ನಿಮಗಿದೆಯೇ ಎಂಬುದೇ ಅನುಮಾನ.

'ಅಭೇದ್ಯ' ಎಂಬ ಪದ ಒಂಬತ್ತು ಸಲ ಬಂದಿದೆ. ಎಣಿಸಿದೆ. ಕದ್ದಾಲಿಸುವವರು ಸಿಕ್ಕಿಬೀಳುವುದು ಹೇಗೆ ಎಂಬುದು ಮಾತ್ರ ಒಂದೇ ಸಾಲಿನಲ್ಲಿ ಮುಗಿದಿದೆ: "ಕ್ವಾಂಟಮ್ ನಿಯಮಗಳಿಂದಾಗಿ ಕದ್ದಾಲಿಕೆ ಪತ್ತೆಯಾಗುತ್ತದೆ." ಓದುಗರು ಕಾದು ಕೂತಿರುವುದೇ ಆ ಜಾಗದಲ್ಲಿ, ನೀವು ಅದನ್ನು ದಾಟಿ ಓಡಿಬಿಟ್ಟಿರಿ. ವಿಜ್ಞಾನಿಗಳಾದ ಬೆನೆಟ್ ಮತ್ತು ಬ್ರಾಸಾರ್ 1984ರಲ್ಲಿ ಬೆಂಗಳೂರಿನ ಸಮ್ಮೇಳನವೊಂದರಲ್ಲಿ ಮಂಡಿಸಿದ ಬಿಬಿ84 ವಿಧಾನವನ್ನೇ ತೆಗೆದುಕೊಳ್ಳಿ, ಒಂದು ಫೋಟಾನಿನ, ಅಂದರೆ ಬೆಳಕಿನ ಒಂದು ಕಣದ, ಬೆನ್ನು ಹತ್ತಿ. ಕಳಿಸುವವರು ನೇರ ಅಥವಾ ಓರೆ, ಎರಡರಲ್ಲೊಂದು ಬೇಸಿಸ್, ಅಂದರೆ ಬೆಳಕಿನ ಕಂಪನವನ್ನು ಅಳೆಯುವ ದಿಕ್ಕುಗಳ ಜೋಡಿ, ಆರಿಸಿ ಒಂದು ಬಿಟ್ (0 ಅಥವಾ 1) ಹೊರುವಂತೆ ಅದನ್ನು ಸಿದ್ಧಮಾಡುತ್ತಾರೆ. (ನೀವು 'ಆಧಾರ' ಎಂದು ಬರೆದಿದ್ದೀರಿ, ಯಾವುದಕ್ಕೆ ಆಧಾರ ಎಂದು ಓದುಗರು ಹುಡುಕುತ್ತಾರೆ. ಬೇಸಿಸ್ ಎಂದೇ ಬಿಡಿ.) ಪಡೆಯುವವರೂ ಒಂದು ಬೇಸಿಸ್ ಆರಿಸಿ ಅಳೆಯುತ್ತಾರೆ, ಆಮೇಲೆ ಇಬ್ಬರ ಬೇಸಿಸ್ ಹೊಂದಿದ ಬಿಟ್‌ಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ನಡುವೆ ಕೂತವರು ಬೇಸಿಸ್ ಊಹಿಸಿ ಅಳೆಯಬೇಕು. ಅರ್ಧದಷ್ಟು ಸಲ ಊಹೆ ತಪ್ಪುತ್ತದೆ. ತಪ್ಪಿದಾಗ, ಅವರು ಮತ್ತೆ ಕಳಿಸಿದ ಫೋಟಾನ್ ಆಚೆ ಬದಿಯಲ್ಲಿ ಅರ್ಧದಷ್ಟು ಸಲ ತಪ್ಪು ಬಿಟ್ ಕೊಡುತ್ತದೆ. ಅರ್ಧದಲ್ಲಿ ಅರ್ಧ, ಅಂದರೆ ಶೇ 25. ಎರಡೂ ಬದಿಯವರು ಒಂದಷ್ಟು ಬಿಟ್ ಹೋಲಿಸಿ ನೋಡಿದಾಗ ನಾಲ್ಕಕ್ಕೆ ಒಂದು ತಪ್ಪಿದ್ದರೆ ಕಳ್ಳಕಿವಿ ಇದೆ ಎಂದೇ ಅರ್ಥ. ಇಷ್ಟು ಬರೆದರೆ 'ಅಭೇದ್ಯ' ಒಂದು ಸಲವೂ ಬೇಕಾಗುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ದಕ್ಷತೆಗೆ ಒಂದು ಭಾಗ, ಭದ್ರತೆಗೆ ಇನ್ನೊಂದು ಭಾಗ ಎಂದು ಪಾಲು ಮಾಡಿದ್ದೀರಿ. ಅವು ಹಾಗೆ ಪಾಲಾಗುವುದಿಲ್ಲ. "ಬೇಸಿಸ್ ಹೊಂದದ ಕಾರಣ ಅರ್ಧದಷ್ಟು ಬಿಟ್‌ಗಳು ಅನಿವಾರ್ಯವಾಗಿ ವ್ಯರ್ಥ" ಎನ್ನುತ್ತೀರಿ. ಅನಿವಾರ್ಯವೇನಲ್ಲ. ಇಬ್ಬರೂ ಹತ್ತರಲ್ಲಿ ಒಂಬತ್ತು ಸಲ ನೇರವನ್ನೇ ಆರಿಸಿದರೆ ಶೇ 82ರಷ್ಟು ಹೊಂದುತ್ತವೆ. ಆದರೆ ಕದಿಯುವವರೂ ನೇರದಲ್ಲೇ ಅಳೆಯುತ್ತಾ ಕೂತರೆ? ನೇರದ ಬಿಟ್‌ಗಳಲ್ಲಿ ಅವರ ಸುಳಿವೇ ಇರದು, ಒಟ್ಟು ಸರಾಸರಿಯಲ್ಲಿ ತಪ್ಪು ಕರಗಿಹೋಗುತ್ತದೆ. ಆದ್ದರಿಂದ ಓರೆಯ ತಪ್ಪನ್ನು ಪ್ರತ್ಯೇಕವಾಗಿ ಲೆಕ್ಕಹಾಕಬೇಕು, ಆ ಲೆಕ್ಕ ನಂಬುವಷ್ಟು ಓರೆ ಬಿಟ್‌ಗಳೂ ಉಳಿದಿರಬೇಕು. ಈ ಜಗ್ಗಾಟವೇ ನಿಮ್ಮ ಲೇಖನ.

ಲೇಸರ್ ಕಥೆಯೂ ಅದೇ. ಅದು ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸಿ ಬಿಡುವ ಯಂತ್ರವಲ್ಲ. ಎಷ್ಟು ಮಂದ ಮಾಡಿದರೂ ಕೆಲವು ಪಲ್ಸ್‌ಗಳಲ್ಲಿ (ಬೆಳಕಿನ ಚಿಕ್ಕ ಮಿಡಿತಗಳಲ್ಲಿ) ಎರಡು ಫೋಟಾನ್ ಇರುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮುಂದೆ ಬಿಟ್ಟರೆ ಕದ್ದದ್ದು ಗೊತ್ತೇ ಆಗುವುದಿಲ್ಲ. ಹೆದರಿ ಬೆಳಕು ತಗ್ಗಿಸಿದರೆ ಕೀ ಹುಟ್ಟುವ ವೇಗ ಕುಸಿಯುತ್ತದೆ. 2003ರಲ್ಲಿ ಮೊಳೆತು 2005ರ ಹೊತ್ತಿಗೆ ಬಳಕೆಗೆ ಹದವಾದ ಡಿಕಾಯ್ ಉಪಾಯ ಇದಕ್ಕೆ ಉತ್ತರ: ಬೇರೆಬೇರೆ ಪ್ರಖರತೆಯ ಹುಸಿ ಪಲ್ಸ್‌ಗಳನ್ನು ನಡುನಡುವೆ ಬೆರೆಸುವುದು. ಕೈಗೆ ಬಂದ ಪಲ್ಸ್ ಹುಸಿಯೋ ಅಸಲಿಯೋ ಕಳ್ಳರಿಗೆ ತಿಳಿಯದು. ಒಂಟಿ ಫೋಟಾನ್‌ಗಳನ್ನು ತಡೆದು ಜೋಡಿಗಳನ್ನಷ್ಟೇ ಬಿಟ್ಟರೆ ಮಂದ ಪಲ್ಸ್ ಮತ್ತು ಪ್ರಖರ ಪಲ್ಸ್ ತಲುಪುವ ಪ್ರಮಾಣ ಏರುಪೇರಾಗಿ ಗುಟ್ಟು ರಟ್ಟಾಗುತ್ತದೆ. ಇಂಥದ್ದನ್ನು ನೀವು "ಇತರ ತಂತ್ರಗಳು" ಎಂಬ ಪಟ್ಟಿಗೆ ತಳ್ಳಿದ್ದೀರಲ್ಲ!

"ದೂರ ಹೆಚ್ಚಿದಂತೆ ಸವಾಲು ಹೆಚ್ಚುತ್ತದೆ" ಎಂಬ ಸಾಲನ್ನು ಹೊಡೆದುಹಾಕಿ, ಅಂಕಿ ಕೊಡಿ. ಒಳ್ಳೆಯ ಫೈಬರ್‌ನಲ್ಲೂ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ನಷ್ಟ (10 ಡೆಸಿಬೆಲ್ ನಷ್ಟವಾದರೆ ಉಳಿಯುವುದು ಹತ್ತರಲ್ಲೊಂದು). 100 ಕಿ.ಮೀ. ದಾಟುವುದು ನೂರಕ್ಕೆ ಒಂದು ಫೋಟಾನ್, 500 ಕಿ.ಮೀ. ದಾಟುವುದು ಸಾವಿರ ಕೋಟಿಗೆ ಒಂದು. ಸೆಕೆಂಡಿಗೆ ನೂರು ಕೋಟಿ ಕಳಿಸಿದರೂ ಹತ್ತು ಸೆಕೆಂಡಿಗೊಂದು ತಲುಪೀತು.

ಒಂದು ತಪ್ಪನ್ನಂತೂ ತಿದ್ದಲೇಬೇಕು. "ಮೊದಲೇ ಹಂಚಿಕೊಂಡ ಯಾವ ಗುಟ್ಟೂ ಬೇಕಿಲ್ಲ" ಎಂದಿದ್ದೀರಿ. ಆಚೆ ಇರುವವರು ನಿಜವಾಗಿ ಅವರೇ ಎಂದು ಖಚಿತಪಡಿಸುವ ದಾರಿ ಇಲ್ಲದಿದ್ದರೆ, ನಡುವಿನವರು ಎರಡೂ ಕಡೆಗೆ ವೇಷ ಹಾಕಿ ಎರಡು ಕೀ ಮಾಡಿಕೊಂಡು ಆರಾಮಾಗಿ ಕೂರುತ್ತಾರೆ. ಅದಕ್ಕೇ ಸಾಮಾನ್ಯವಾಗಿ ಮೊದಲೇ ಒಂದು ಸಣ್ಣ ಗುಟ್ಟು ಇಬ್ಬರ ಬಳಿಯೂ ಇರುತ್ತದೆ.

ಲೇಖನದ ಆರಂಭಕ್ಕೆ ಪ್ರಾಚೀನ ಗೂಢಲಿಪಿಯ ಎರಡು ಪುಟ ಬೇಡ. ಮೊದಲ ಪ್ರಯೋಗದಿಂದಲೇ ಶುರುಮಾಡಿ. 1989ರಲ್ಲಿ ಬೆಳಕು ಸಾಗಿದ್ದು ಮೇಜಿನ ಮೇಲೆ, ಸುಮಾರು 30 ಸೆಂಟಿಮೀಟರ್. ಬಿಟ್‌ಗೆ ತಕ್ಕಂತೆ ವೋಲ್ಟೇಜ್ ಬದಲಾದಾಗ ವಿದ್ಯುತ್ ಪೂರೈಸುವ ಪೆಟ್ಟಿಗೆಯ ಸದ್ದೂ ಬದಲಾಗುತ್ತಿತ್ತು. ಕದಿಯುವವರು ಕಿವುಡರಾಗಿದ್ದರೆ ಮಾತ್ರ ಇದು ಪೂರ್ತಿ ಸುರಕ್ಷಿತ ಎಂದು ಬ್ರಾಸಾರ್ ಮುಂದೆ ತಮಾಷೆ ಮಾಡಿದ್ದರು. ಅಲ್ಲಿಂದ ನೇರವಾಗಿ 2010ಕ್ಕೆ ಬನ್ನಿ: ಪ್ರಖರ ಬೆಳಕು ಹಾಯಿಸಿ ಮಾರುಕಟ್ಟೆಯ ಉಪಕರಣಗಳಲ್ಲಿ ಫೋಟಾನ್ ಪತ್ತೆಹಚ್ಚುವ ಡಿಟೆಕ್ಟರ್‌ಗಳನ್ನೇ ಕುರುಡು ಮಾಡಿ ತೋರಿಸಿದ ವರ್ಷ ಅದು.

ಶೀರ್ಷಿಕೆಯನ್ನೂ ಬದಲಿಸಿ. 1500 ಪದ ದಾಟದಿರಲಿ.

ಇಂತಿ,
ಸಂಪಾದಕ