ಮಕ್ಕಳು ಗಾಡಿ ಎಳೆಯಲಿ ಬಿಡಿ

ಅಮೆರಿಕದ ಯೂಟಾ ರಾಜ್ಯದಲ್ಲಿ ನೆಲೆಸಿರುವ ಓದುಗರೊಬ್ಬರ ಕಾಗದ ಬಂದಿದೆ. ಹದಿನೈದು ವರ್ಷದ ಮಗಳನ್ನು ಅವಳ ಗೆಳತಿ ತಮ್ಮ ಚರ್ಚಿನ ‘ಟ್ರೆಕ್’ಗೆ ಕರೆದಿದ್ದಾಳಂತೆ. ಮಾರ್ಮನ್ನರೆಂದು ಲೋಕ ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಸಭೆಯ ಹುಡುಗ ಹುಡುಗಿಯರು 1850ರ ದಶಕದ ಉಡುಪು ತೊಟ್ಟು, ತಮ್ಮ ಹಿರಿಯರು ಬಂದ ಹಾಗೆ ಮೂರು ನಾಲ್ಕು ದಿನ ಕೈಗಾಡಿ ಎಳೆದುಕೊಂಡು ನಡೆಯುವ ಕಾರ್ಯಕ್ರಮ ಅದು. “ಸತ್ತವರ ಸಂಕಟವನ್ನು ಜಾತ್ರೆ ಮಾಡಿದಂತಲ್ಲವೇ? ಉರಿಬಿಸಿಲಲ್ಲಿ ಮಕ್ಕಳನ್ನು ದಣಿಸಿ, ಅಳಿಸಿ ಕಳಿಸುವ ಬದಲು ಒಂದು ಒಳ್ಳೆಯ ಪುಸ್ತಕ ಓದಿಸಿದರೆ ಸಾಲದೇ?” ಎಂದು ಕೇಳಿದ್ದಾರೆ.

ನಿಮ್ಮ ಆತಂಕಕ್ಕೆ ಕಾರಣವಿದೆ ತಾಯಿ. 2016ರ ಜೂನ್‌ನಲ್ಲಿ ಒಕ್ಲಹೋಮದಲ್ಲಿ ಇಂಥದೇ ನಡಿಗೆಗೆ ಹೋಗಿದ್ದ ತರುಣಿಯೊಬ್ಬರು ಬಿಸಿಲಿನ ಹೊಡೆತಕ್ಕೆ ತೀರಿಕೊಂಡರು. ನೀರು, ನೆರಳು, ವೈದ್ಯರು, ಹಿಂದೆ ಬರುವ ವಾಹನ ಇವು ಇಲ್ಲದ ನಡಿಗೆಗೆ ಮಗಳನ್ನು ಖಂಡಿತ ಕಳಿಸಬೇಡಿ. ಆದರೆ ಪುಸ್ತಕ ಸಾಲದೇ ಎಂದಿರಲ್ಲ, ಸಾಲದು.

ಪುಸ್ತಕ ಹೇಳುವುದು ಇಷ್ಟು: 1856ರಿಂದ 1860ರವರೆಗೆ ಹತ್ತು ತಂಡಗಳಲ್ಲಿ ಸುಮಾರು 3,000 ಮಂದಿ, ಬಹುಪಾಲು ಬ್ರಿಟನ್ ಮತ್ತು ಸ್ಕ್ಯಾಂಡಿನೇವಿಯದ ಬಡವರು, ಎತ್ತಿನ ಬಂಡಿ ಕೊಳ್ಳಲು ಹಣವಿಲ್ಲದೆ ಕೈಗಾಡಿ ಎಳೆದುಕೊಂಡು ಯೂಟಾದ ಸಾಲ್ಟ್ ಲೇಕ್ ಕಣಿವೆಗೆ ನಡೆದರು. 1856ರಲ್ಲಿ ರೈಲು ಅಯೋವಾ ಸಿಟಿಗೇ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಸುಮಾರು 1,300 ಮೈಲಿ, ಅಂದರೆ 2,100 ಕಿಲೋಮೀಟರ್ ಕಾಲುನಡಿಗೆ. ಇದನ್ನು ಓದಿದ ಹುಡುಗಿ ‘ಅಯ್ಯೋ ಪಾಪ’ ಎಂದು ಪುಟ ಮಗುಚುತ್ತಾಳೆ. ಅವಳ ಕೈಗೆ ತಕ್ಕಡಿ ಕೊಟ್ಟು ನೋಡಿ. ಒಬ್ಬ ವಯಸ್ಕರಿಗೆ 17 ಪೌಂಡ್ ಸಾಮಾನು, ಏಳೂಮುಕ್ಕಾಲು ಕಿಲೋಗೂ ತುಸು ಕಡಿಮೆ. ಹಾಸಿಗೆ ಹೊದಿಕೆ, ಬಟ್ಟೆಬರೆ, ಪಾತ್ರೆ ಎಲ್ಲ ಅದರಲ್ಲೇ. ಗಾಡಿಗೆ ಐದು ಜನ, ಡೇರೆಗೆ ಇಪ್ಪತ್ತು ಜನ. ನೆಬ್ರಾಸ್ಕದ ಫ್ಲಾರೆನ್ಸ್ ಎಂಬ ಊರು ದಾಟುವಾಗ ಜೇಮ್ಸ್ ವಿಲ್ಲಿಯವರ ತಂಡದಲ್ಲಿ ಪ್ರತಿ ಗಾಡಿಯ ಮೇಲೆ 98 ಪೌಂಡಿನ ಹಿಟ್ಟಿನ ಮೂಟೆಯೂ ಕೂತಿತು. ಸೆಪ್ಟೆಂಬರ್ ಮೊದಲ ವಾರ ಒಂದು ರಾತ್ರಿ, ತಂಡದ ಸಾಮಾನಿನ ಬಂಡಿ ಎಳೆಯುವ ದನಗಳು ಬೆದರಿ ಓಡಿ ಸುಮಾರು ಮೂವತ್ತು ಕಳೆದುಹೋದವು. ಖಾಲಿಯಾಗುತ್ತ ಬಂದಿದ್ದ ಗಾಡಿಗಳ ಮೇಲೆ ಹಿಟ್ಟಿನ ಮೂಟೆ ಮತ್ತೆ ಏರಿತು.

ಇನ್ನು ಗಾಡಿಯ ಅಚ್ಚಿನ ಸಂಗತಿ. ನಮ್ಮ ಕಡೆಯ ಬಂಡಿ ಬಡಗಿಯನ್ನು ಕೇಳಿದರೆ ಹಸಿ ಮರದಲ್ಲಿ ಚಕ್ರದ ನಡುವಿನ ಗುಂಬ ಕಡೆಯುವವನನ್ನು ಬಡಗಿ ಅಂತಲೇ ಒಪ್ಪುವುದಿಲ್ಲ. 1856ರಲ್ಲಿ ಜನ ಹಡಗಿನಿಂದ ಇಳಿದು ಅಯೋವಾ ಸಿಟಿಗೆ ಬಂದಾಗ ಗಾಡಿಗಳೇ ಸಿದ್ಧವಿರಲಿಲ್ಲ. ಒಣಗಿದ ಮರ ಸಾಕಷ್ಟು ಸಿಗದೆ ಹಸಿ ಮರದಲ್ಲೇ ಅವಸರಕ್ಕೆ ಕಟ್ಟಿದರು. ನೆಬ್ರಾಸ್ಕದ ಒಣಗಾಳಿಗೆ ಮರ ಕುಗ್ಗಿತು, ಅರಗಳು ಅಲುಗಾಡಿದವು, ಚಕ್ರದ ಪಟ್ಟಿ ಸಡಿಲವಾಯಿತು. ಮರದ ಅಚ್ಚಿಗೂ ಗುಂಬಕ್ಕೂ ನಡುವೆ ಮರಳು ಸೇರಿ ಎರಡನ್ನೂ ಅರೆಯಿತು. ಕೀಲೆಣ್ಣೆ ಇಲ್ಲ. ಜನ ತಮ್ಮ ಪಾಲಿನ ಹಂದಿಮಾಂಸದ ಕೊಬ್ಬನ್ನೇ ಅಚ್ಚಿಗೆ ಸವರಿದರು, ಸೋಪು ಉಜ್ಜಿದರು. ಬೂಟಿನ ಚರ್ಮ ಕತ್ತರಿಸಿ ಸುತ್ತಿದರು. ಊಟದ ತಗಡಿನ ತಟ್ಟೆಗಳನ್ನು ಬಗ್ಗಿಸಿ ಹೊದಿಸಿದರು. ತಟ್ಟೆ ಅಚ್ಚಿಗೆ ಹೋದ ಮೇಲೆ ಆ ರಾತ್ರಿ ಊಟ ಯಾವುದರಲ್ಲಿ?

ಈಗಿನ ಟ್ರೆಕ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಉಕ್ಕಿನ ಅಚ್ಚು, ಬೇರಿಂಗ್ ಇರುತ್ತವೆ. ಮಕ್ಕಳ ಸುರಕ್ಷತೆಗೆ ಅದೇ ಸರಿ. ಆದರೂ ಒಂದು ಗಾಡಿಗಾದರೂ ಮರದ ಅಚ್ಚು ಹಾಕಿ, ಮರಳಲ್ಲಿ ಅರ್ಧ ಮೈಲಿ ಎಳೆಸಿ, ಚಕ್ರ ಕಳಚಿ ಒಳಗಿನ ಗೀರು ತೋರಿಸಬೇಕು. ಭಾರ ಹೇರುವ ಕೆಲಸವನ್ನೂ ಮಕ್ಕಳ ಕೈಯಲ್ಲೇ ಮಾಡಿಸಬೇಕು. ಭಾರ ಅಚ್ಚಿನಿಂದ ಹಿಂದಕ್ಕೆ ಬಿದ್ದರೆ ಮುಂದಿನ ಅಡ್ಡಪಟ್ಟಿ ಮೇಲೇಳುತ್ತದೆ, ಏರಿನಲ್ಲಿ ಎಳೆಯುವವರ ಕಾಲು ನೆಲ ಬಿಡುತ್ತದೆ. ತೀರಾ ಮುಂದಕ್ಕೆ ಬಿದ್ದರೆ ದಿನವಿಡೀ ಮುಂಗೈ ಜಗ್ಗುತ್ತದೆ. ಅಚ್ಚಿಗಿಂತ ಒಂದೆರಡು ಅಂಗುಲ ಮುಂದೆ ಭಾರ ಕೂರಬೇಕು. ಬಂಡಿ ಹೊಡೆದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಪುಸ್ತಕದ ಓದಿನಲ್ಲಿ ಜಾರಿಹೋಗುವ ಇನ್ನೊಂದು ವಿಷಯ ದಿನಾಂಕ. ಹತ್ತರಲ್ಲಿ ಎಂಟು ತಂಡಗಳು ದೊಡ್ಡ ಅನಾಹುತವಿಲ್ಲದೆ ತಲುಪಿದವು. ಎಡ್ಮಂಡ್ ಎಲ್ಸ್‌ವರ್ತ್ ಅವರ ಮೊದಲ ತಂಡ 1856ರ ಜೂನ್ 9ಕ್ಕೆ ಹೊರಟು ಸೆಪ್ಟೆಂಬರ್ 26ಕ್ಕೆ ಊರು ಸೇರಿತು. ವಿಲ್ಲಿ ತಂಡ ಹೊರಟಿದ್ದು ಜುಲೈ ನಡುವಿನಲ್ಲಿ, ಎಡ್ವರ್ಡ್ ಮಾರ್ಟಿನ್ ಅವರದು ಜುಲೈ ಕೊನೆಗೆ. ಕೊಂದದ್ದು ಕೈಗಾಡಿಯಲ್ಲ, ಆ ಐದರಿಂದ ಏಳು ವಾರಗಳ ತಡ. ಫ್ಲಾರೆನ್ಸಿನಲ್ಲಿ ಆಗಸ್ಟ್‌ನಲ್ಲಿ ಸಭೆ ಸೇರಿದಾಗ ಲೆವಿ ಸ್ಯಾವೇಜ್ ಎಂಬಾತ ಎದ್ದು ನಿಂತು, ಮುದುಕರು ಮಕ್ಕಳನ್ನು ಕಟ್ಟಿಕೊಂಡು ಈಗ ಹೊರಟರೆ ಸಾವು ಖಂಡಿತ, ಚಳಿಗಾಲ ಇಲ್ಲೇ ಕಳೆಯೋಣ ಎಂದು ಅಂಗಲಾಚಿದರು. ಧರ್ಮಪ್ರಚಾರಕ್ಕೆಂದು ಕಲ್ಕತ್ತೆಯ ದಾರಿಯಾಗಿ ಬರ್ಮಾಕ್ಕೆ ಹೋಗಿ ಆಗಷ್ಟೇ ಮರಳಿದ್ದ ಮನುಷ್ಯ. ಸಾಲ್ಟ್ ಲೇಕ್ ಕಣಿವೆಯನ್ನು ಹಿಂದೆ ಕಂಡಿದ್ದವರು. ಬಹುಮತ ಹೊರಡೋಣ ಎಂದಿತು. ಹಾಗಾದರೆ ನಾನೂ ಬರುತ್ತೇನೆ, ನಿಮ್ಮ ಜೊತೆಯೇ ಕಷ್ಟಪಡುತ್ತೇನೆ ಎಂದು ಅವರೂ ಹೊರಟರು. ಟ್ರೆಕ್‌ನ ಮೊದಲ ಸಂಜೆ ಮಕ್ಕಳಿಗೆ ಅಭಿನಯಿಸಲು ಕೊಡಬೇಕಾದದ್ದು ಈ ಸಭೆಯನ್ನು. ಕೈಯೆತ್ತಿಸಿ ಮತ ಹಾಕಿಸಬೇಕು.

ಅಕ್ಟೋಬರ್ 17ರ ಸುಮಾರಿಗೆ ಮಾರ್ಟಿನ್ ತಂಡದವರು ಗಾಡಿ ಹಗುರ ಮಾಡಲು ತಲಾ ಸಾಮಾನನ್ನು 10 ಪೌಂಡಿಗೆ ಇಳಿಸಿ ಕಂಬಳಿ, ಬಟ್ಟೆಗಳನ್ನು ಸುಟ್ಟರು, ಎಸೆದರು. 19ಕ್ಕೆ ಕೊರೆಯುವ ನಾರ್ತ್ ಪ್ಲಾಟ್ ನದಿ ದಾಟುತ್ತಿದ್ದಂತೆ ಹಿಮ ಬಿತ್ತು. ರಕ್ಷಣೆಗೆ ಸಭೆಯ ಮುಖ್ಯಸ್ಥ ಬ್ರಿಗಮ್ ಯಂಗ್ ಕಳಿಸಿದ ಬಂಡಿಗಳು ಬಂದು ಮುಟ್ಟುವಷ್ಟರಲ್ಲಿ, ಆಮೇಲೂ, ಈ ಎರಡು ತಂಡಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಮಕ್ಕಳನ್ನು ಅಳಿಸುತ್ತಾರೆ ಎಂಬ ನಿಮ್ಮ ದೂರಿನಲ್ಲಿ ಸ್ವಲ್ಪ ನಿಜವಿದೆ. ಎಷ್ಟೋ ಕಡೆ ಕಡಿದಾದ ಏರು ಬಂದಾಗ ಹುಡುಗರನ್ನು ಬೇರೆ ಕರೆದೊಯ್ದು ಹುಡುಗಿಯರಷ್ಟೇ ಎಳೆಯುವಂತೆ ಮಾಡುತ್ತಾರೆ. ಗಂಡಸರು ಮಾರ್ಮನ್ ಬೆಟಾಲಿಯನ್ ಸೇರಿ ಯುದ್ಧಕ್ಕೆ ಹೋದರು ಎನ್ನುವುದು ಅದಕ್ಕೆ ಕೊಡುವ ಕಾರಣ. ಆ ಬೆಟಾಲಿಯನ್ ಹೊರಟಿದ್ದು 1846ರಲ್ಲಿ, ಕೈಗಾಡಿಗಿಂತ ಹತ್ತು ವರ್ಷ ಮೊದಲು. ಗಂಡ ದಾರಿಯಲ್ಲೇ ಸತ್ತು ಹೆಂಡತಿ ಒಂಟಿಯಾಗಿ ಗಾಡಿ ಎಳೆದ ನಿಜ ಸಂಗತಿಗಳೇ ಬೇಕಷ್ಟಿರುವಾಗ ಸುಳ್ಳು ಜೋಡಣೆ ಯಾಕೆ? ಸ್ವೀಟ್‌ವಾಟರ್ ನದಿಯಲ್ಲಿ ಮೂವರು ಹುಡುಗರು ತಂಡವನ್ನೆಲ್ಲ ಹೊತ್ತು ದಾಟಿಸಿ, ಅದರಿಂದಲೇ ಸತ್ತರು ಎಂದೂ ಹೇಳುವುದುಂಟು. ಹೊತ್ತವರು ಮೂವರಿಗಿಂತ ಹೆಚ್ಚು, ಎಲ್ಲರನ್ನೂ ಹೊರಲಿಲ್ಲ, ಆ ಮೂವರೂ ಆಮೇಲೆ ವರ್ಷಗಟ್ಟಲೆ ಬದುಕಿದರು ಎಂದು ಅದೇ ಸಭೆಯ ಇತಿಹಾಸಕಾರರು ದಾಖಲೆ ಹುಡುಕಿ ತೋರಿಸಿದ್ದಾರೆ. ಹಿಮದ ನೀರಿಗಿಳಿದ ಹುಡುಗರ ಧೈರ್ಯ ಇದರಿಂದ ಒಂದು ತೊಲವೂ ಕಮ್ಮಿಯಾಗಲಿಲ್ಲ.

ಇಷ್ಟು ಬರೆಯುವಾಗ ನಮ್ಮ ಪಾಠಗಳನ್ನು ನೆನೆದು ಹೊಟ್ಟೆ ಉರಿಯುತ್ತದೆ. ವಿಲ್ಲಿ ತಂಡದ ವಯಸ್ಕರಿಗೆ ಫ್ಲಾರೆನ್ಸ್ ದಾಟಿದ ಮೇಲೆ, ಪಾಲು ಕಡಿತವಾಗುವ ಮೊದಲು, ದಿನಕ್ಕೆ ಒಂದು ಪೌಂಡ್ ಹಿಟ್ಟು ಸಿಗುತ್ತಿತ್ತು. 1877ರ ಬರದಲ್ಲಿ, ಬಳ್ಳಾರಿ ಸೀಮೆ ಸೇರಿದ್ದ ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ದಿನವಿಡೀ ಕಲ್ಲು ಮಣ್ಣು ಹೊತ್ತ ಗಂಡಸಿಗೆ ಬ್ರಿಟಿಷ್ ಸರ್ಕಾರದ ಕ್ಷಾಮಾಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದೂ ಒಂದು ಪೌಂಡ್ ಧಾನ್ಯ, ಮೇಲೊಂದಾಣೆ. ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಷ್, ಕನಿಷ್ಠ ಒಂದೂವರೆ ಪೌಂಡ್ ಬೇಕು, ಜೊತೆಗೆ ತರಕಾರಿಯೂ ಬೇಕು ಎಂದು ಜಗಳವಾಡಿದರು. ನಮ್ಮ ಮಕ್ಕಳಿಗೆ ಇದು ‘ಭೀಕರ ಕ್ಷಾಮ ತಲೆದೋರಿತು’ ಎಂಬ ಒಂದು ಸಾಲು, ಎರಡು ಅಂಕದ ಪ್ರಶ್ನೆ. ಒಂದು ಪೌಂಡ್ ಜೋಳವನ್ನು ತಕ್ಕಡಿಗೆ ಹಾಕಿ ತರಗತಿಯಲ್ಲಿ ತೋರಿಸಲು ಎಷ್ಟು ಖರ್ಚು? ವಾರ್ಷಿಕೋತ್ಸವದ ರಟ್ಟಿನ ಕತ್ತಿ, ಕಿರೀಟಕ್ಕೆ ಸಾವಿರಗಟ್ಟಲೆ ಸುರಿಯುತ್ತೇವೆ.

ಆದ್ದರಿಂದ ಮಗಳನ್ನು ಕಳಿಸಿ. ಈಗಿನಿಂದಲೇ ಹಳೆಯ, ಕಾಲಿಗೆ ಒಗ್ಗಿದ ಶೂ ಹಾಕಿಸಿ ವಾರಕ್ಕೆ ಮೂರು ದಿನ ನಡೆಸಿ. ಹೊಸ ಶೂ ಮೊದಲ ದಿನವೇ ಬೊಬ್ಬೆ ಎಬ್ಬಿಸುತ್ತದೆ. ಒಳಗೆ ತೆಳು ಕಾಲುಚೀಲ, ಮೇಲೆ ದಪ್ಪದ್ದು. ಕಾಲು ಬಿಸಿಯಾದಂತೆ ಅನಿಸಿದ ಕೂಡಲೇ, ಬೊಬ್ಬೆಗೆ ಕಾಯದೆ, ನಿಂತು ಪಟ್ಟಿ ಹಚ್ಚಲಿ. ಲಂಗ ಕಣಕಾಲಿಗಿಂತ ಮೇಲಿರಲಿ, ಉದ್ದವಿದ್ದರೆ ಚಕ್ರಕ್ಕೆ ಸಿಕ್ಕುತ್ತದೆ. ಕಾಲು ಗಂಟೆಗೊಮ್ಮೆ ನಾಲ್ಕು ಗುಟುಕು ನೀರು, ಜೊತೆಗೆ ಉಪ್ಪಿನ ಅಂಶ. ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಉಪ್ಪು ಇಳಿದು ತಲೆ ಸುತ್ತುತ್ತದೆ. ಅಪಾಯ ಏರಿಗಿಂತ ಇಳಿಜಾರಿನಲ್ಲಿ ಹೆಚ್ಚು: ಗಾಡಿಯ ಹಿಂದಕ್ಕೆ ಹಗ್ಗ ಕಟ್ಟಿ ನಾಲ್ಕು ಜನ ಜಗ್ಗಿ ಹಿಡಿಯಬೇಕು, ಚಕ್ರದ ಪಕ್ಕ ಯಾರೂ ನಡೆಯಕೂಡದು, ಮುಂದಿನ ಗಾಡಿ ಕೆಳಗೆ ಮುಟ್ಟುವ ತನಕ ಹಿಂದಿನದು ಕದಲಕೂಡದು. ಈ ಏರ್ಪಾಡು ಇದೆಯೇ ಎಂದು ಸಂಘಟಕರನ್ನು ನೀವೇ ಕೇಳಿ.

ಹೊರಡುವ ಹಿಂದಿನ ರಾತ್ರಿ ಅಡುಗೆಮನೆಯ ತಕ್ಕಡಿ ತೆಗೆಯಿರಿ. ಅಕ್ಟೋಬರ್ ಹೊತ್ತಿಗೆ ವಿಲ್ಲಿ ತಂಡದ ಹೆಂಗಸರಿಗೆ ಸಿಗುತ್ತಿದ್ದದ್ದು ದಿನಕ್ಕೆ 9 ಔನ್ಸ್ ಹಿಟ್ಟು, 255 ಗ್ರಾಂ. ಗೋಧಿಹಿಟ್ಟನ್ನು ಅಷ್ಟೇ ತೂಗಿ ಮಗಳ ಕೈಯಲ್ಲೇ ಕಲಸಿಸಿ. ಎಂಟು ಚಪಾತಿ ಆಗಬಹುದು. ಪಲ್ಯ ಮಾಡಬೇಡಿ. ಮೂರು ಹೊತ್ತಿಗೆ ಅವಳೇ ಪಾಲು ಹಾಕಲಿ.